ಮೂಲಂಗಿ ಪಥ್ಯ

ಪಥ್ಯ ಮುರಿದು ಸತ್ತವರ ಕಥೆಯನ್ನು ವೈದ್ಯರೆಲ್ಲ ಹೇಳುತ್ತಾರೆ. ಪಥ್ಯ ಮಾಡಿಯೇ ಸತ್ತವರ ಕಥೆ ಯಾರ ಬಾಯಲ್ಲೂ ಬರುವುದಿಲ್ಲ. ಹೋಗಲಿ, ನಾನು ಹೇಳುತ್ತೇನೆ.

ಚೀನಾ ದೇಶದಲ್ಲಿ ಒಂದು ನದಿ. ಅದರ ದಂಡೆಯಲ್ಲಿ ಪಾಂಗ್ ಎಂಬ ಗುರುಗಳ ಔಷಧಶಾಲೆ. ಗೋಡೆ ತುಂಬ ಸಣ್ಣ ಸಣ್ಣ ಖಾನೆಗಳು, ಒಂದೊಂದರಲ್ಲಿ ಒಂದೊಂದು ಬೇರು, ತೊಗಟೆ, ಒಣಗಿದ ಹೂವು. ಅಲ್ಲಿದ್ದು ಕಲಿಯುತ್ತಿದ್ದ ಶಿಷ್ಯನ ಹೆಸರು ವೆನ್‌ಬೋ.

ಜಾಣ. ಕಣ್ಣು ಕಟ್ಟಿ ಒಂದು ಬೇರು ಕೈಗಿಟ್ಟರೆ ಮೂಸಿ ನೋಡಿ ಹೆಸರು ಹೇಳುತ್ತಿದ್ದ, ಅದನ್ನು ಅಗೆದದ್ದು ಬೆಟ್ಟದ ಯಾವ ಮಗ್ಗುಲಲ್ಲಿ ಅಂತಲೂ ಹೇಳುತ್ತಿದ್ದ. ಯಾವುದಕ್ಕೆ ಯಾವುದು ಶತ್ರು, ಯಾವುದು ತಿಂದ ಮೇಲೆ ಯಾವುದು ಮುಟ್ಟಬಾರದು, ಎಲ್ಲ ನಾಲಿಗೆ ತುದಿಯಲ್ಲಿತ್ತು. ಅತಿ ಜಾಣರಿಗೆ ಬರುವ ಒಂದು ರೋಗ ಅವನಿಗೂ ಬಂದಿತ್ತು. ಲೋಕದಲ್ಲಿ ಎಷ್ಟು ಕಾಯಿಲೆ ಇದೆಯೋ ಅಷ್ಟು ಬೇರೂ ಇದೆ ಅಂತ ನಂಬಿಬಿಟ್ಟಿದ್ದ.

ಅವನಿಗೆ ತನ್ನವರು ಅಂತ ಇದ್ದದ್ದು ಒಬ್ಬಳೇ ಅಕ್ಕ, ಚುನ್‌ಯಾ. ಅಪ್ಪ ಅಮ್ಮ ಕ್ಷಾಮದಲ್ಲಿ ಹೋದ ಮೇಲೆ ತಾಯಿಯಾಗಿ ಸಾಕಿದವಳು ಅವಳೇ. ರೇಷ್ಮೆಗೂಡು ಬೇಯುವ ನೀರಿಗೆ ಕೈ ಹಾಕಿ ನೂಲು ಬಿಚ್ಚುವ ಕೆಲಸ. ಬೆರಳ ತುದಿಗಳೆಲ್ಲ ಬೆಂದು ಬೆಳ್ಳಗಾಗಿದ್ದವು. ಮದುವೆ ಅಂತ ಯಾರಾದರೂ ಮಾತೆತ್ತಿದರೆ, "ಮೊದಲು ನಮ್ಮ ಹುಡುಗ ವೈದ್ಯ ಆಗಲಿ ಕಣ್ರೀ" ಎನ್ನುತ್ತಿದ್ದಳು.

ಆ ಅಕ್ಕ ಕಾಯಿಲೆ ಬಿದ್ದಳು. ಚಳಿಗಾಲ ಬರುವ ಹೊತ್ತಿಗೆ ಒಣಗಿ ಕಡ್ಡಿಯಾಗಿದ್ದಳು. ತಮ್ಮ ಅವಳನ್ನು ದೋಣಿಯಲ್ಲಿ ಕರೆತಂದು, ಔಷಧಶಾಲೆಯ ಪಕ್ಕದ ಗುಡಿಸಲಲ್ಲಿ ಮಲಗಿಸಿ, ಗುರುಗಳ ಕಾಲು ಹಿಡಿದ.

"ನನ್ನ ಕೈ ನಡುಗುತ್ತೆ ಗುರುಗಳೇ. ನೀವೇ ನಾಡಿ ನೋಡಿ."

ಪಾಂಗ್ ಗುರುಗಳು ಬಂದು ಅವಳ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟರು. ಬಹಳ ಹೊತ್ತು ಕೂತರು. ಆಮೇಲೆ ಇನ್ನೊಂದು ಕೈ ಹಿಡಿದು ನೋಡಿದರು.

"ನೀನೂ ನೋಡು" ಎಂದರು.

ವೆನ್‌ಬೋ ಬೆರಳಿಟ್ಟ. ಒಂದು ಬಡಿತ. ಆಮೇಲೆ ಏನೂ ಇಲ್ಲ. ಏನೂ ಇಲ್ಲ. ಮತ್ತೆ ಒಂದು. ಮಳೆ ನಿಂತ ಮೇಲೆ ಹಳೇ ಸೂರಿನಿಂದ ನೀರು ತೊಟ್ಟಿಕ್ಕುತ್ತದಲ್ಲ, ಹಾಗೆ. ಆ ವೈದ್ಯದಲ್ಲಿ ಅದಕ್ಕೆ ಸೂರು ಸೋರುವ ನಾಡಿ ಅಂತ ಹೆಸರೇ ಇದೆ. ಅದು ಬೆರಳಿಗೆ ಸಿಕ್ಕಿತು ಅಂದರೆ ಇನ್ನು ಮಾಡುವುದಕ್ಕೆ ಏನೂ ಉಳಿದಿಲ್ಲ ಅಂತ ಅರ್ಥ. ಅವನಿಗೆ ಗೊತ್ತಿತ್ತು, ಪಾಠ ಮಾಡಿಕೊಂಡಿದ್ದ.

"ಚೀಟಿ ಬರೀರಿ ಗುರುಗಳೇ."

ಅಲ್ಲಿಯ ಪದ್ಧತಿ ಹೀಗೆ. ನಾಡಿ ನೋಡಿದ ಮೇಲೆ ವೈದ್ಯರು ಮಸಿ ತೇಯುತ್ತಾರೆ, ಕುಂಚ ಅದ್ದಿ ಮೂಲಿಕೆಗಳ ಹೆಸರು ಬರೆಯುತ್ತಾರೆ. ಕುಂಚ ಒದ್ದೆಯಾಗಲಿಲ್ಲ ಅಂದರೆ ಮನೆಯವರು ಮಾತಿಗೆ ಕಾಯುವುದಿಲ್ಲ, ಅಳುವುದಕ್ಕೆ ಶುರುಮಾಡುತ್ತಾರೆ.

ಗುರುಗಳು ಮಸಿಯ ಕಲ್ಲಿಗೆ ಮುಚ್ಚಳ ಹಾಕಿದರು. ಚುನ್‌ಯಾಳ ಕಡೆ ಬಾಗಿ ಕೇಳಿದರು.

"ಏನು ತಿನ್ನಬೇಕು ಅನ್ನಿಸುತ್ತೆ ತಾಯಿ? ಮನಸ್ಸಿಗೆ ಬಂದದ್ದು ತಿನ್ನು."

ಈ ಮಾತನ್ನು ಯಾವ ದೇಶದ ವೈದ್ಯ ಹೇಳಿದರೂ ಅರ್ಥ ಒಂದೇ. ನಮ್ಮಲ್ಲೂ ಡಾಕ್ಟರು "ಕೇಳಿದ್ದು ಕೊಡಿ, ಪಥ್ಯಗಿಥ್ಯ ಏನೂ ಬೇಡ" ಅಂದರೆ ಮನೆಯವರು ಹೊರಗೆ ಬಂದು ಗೋಡೆ ಹಿಡಿದು ನಿಲ್ಲುತ್ತಾರೆ.

ಚುನ್‌ಯಾ ಗೋಡೆ ಹಿಡಿಯುವ ಪೈಕಿ ಅಲ್ಲ. ಸ್ವಲ್ಪ ಯೋಚನೆ ಮಾಡಿ ಹೇಳಿದಳು.

"ಮೂಲಂಗಿ ಸಾರು. ಬಿಸಿಬಿಸಿ."

"ಅಷ್ಟೇನಾ?"

"ಅಷ್ಟೇ ಗುರುಗಳೇ. ಇವನು ಚಿಕ್ಕವನಿದ್ದಾಗ ಎಲ್ಲಾದರೂ ಒಂದು ಮೂಲಂಗಿ ಸಿಕ್ಕರೆ ಗೆಡ್ಡೆ ಇವನಿಗೆ ಬೇಯಿಸಿಹಾಕಿ ನಾನು ಸೊಪ್ಪು ತಿಂತಿದ್ದೆ. ಆಮೇಲೆ ಅದೇ ರೂಢಿ ಆಯ್ತು. ಗೆಡ್ಡೆ ಹಾಕಿದ ಸಾರು ಒಂದು ಬಟ್ಟಲು ಕುಡೀಬೇಕು ಅನ್ನಿಸಿದೆ."

"ಮೂಲಂಗಿ ಬೇಡ" ಎಂದ ವೆನ್‌ಬೋ.

"ಯಾಕೋ?"

"ನಿನಗೆ ಜಿನ್ಸೆಂಗ್ ಬೇರು ಕೊಡ್ತೀನಿ. ಜಿನ್ಸೆಂಗ್ ಕುಡಿಯೋರು ಮೂಲಂಗಿ ಮುಟ್ಟಬಾರದು. ಬೇರು ಏರಿಸಿದ ಶಕ್ತಿಯನ್ನೆಲ್ಲ ಗೆಡ್ಡೆ ಇಳಿಸಿಬಿಡುತ್ತೆ."

ಸುಳ್ಳು ಹೇಳಲಿಲ್ಲ. ಆ ವೈದ್ಯ ಕಲಿಯುವ ಮಕ್ಕಳಿಗೂ ಗೊತ್ತಿರುವ ಪಥ್ಯ ಅದು. ಆದರೆ ಅವನ ಹೆದರಿಕೆ ಬೇರೆ ಇತ್ತು. ಅಕ್ಕ ಕೇಳಿದ್ದನ್ನು ಕೊಟ್ಟುಬಿಟ್ಟರೆ ಅಕ್ಕ ಸಾಯುತ್ತಾಳೆ ಅಂತ ತಾನೇ ಒಪ್ಪಿದ ಹಾಗೆ. ಆ ಒಂದು ಬಟ್ಟಲು ಸಾರಿನ ಎದುರು ಅವನ ಜೀವ ಹಿಡಿಯಷ್ಟಾಗಿತ್ತು, ಪಾಪ.

ಹೊರಗೆ ಬಂದ ಮೇಲೆ ಗುರುಗಳನ್ನು ತರುಬಿದ.

"ನಿಮ್ಮ ಪೆಟ್ಟಿಗೆಯಲ್ಲಿ ಕಾಡು ಜಿನ್ಸೆಂಗ್ ಇದೆ."

"ಇದೆ."

"ಅದನ್ನು ನಿಮ್ಮ ಮುಪ್ಪಿಗೆ ಅಂತ ಇಟ್ಟುಕೊಂಡಿದ್ದೀರಂತೆ, ಜನ ಹೇಳ್ತಾರೆ."

"ಹೇಳ್ತಾರೆ."

"ನನಗೆ ಕೊಡಿ."

ಗುರುಗಳು ಸೊಂಟದಿಂದ ಬೀಗದಕೈ ಬಿಚ್ಚಿ ಅವನ ಅಂಗೈಯಲ್ಲಿಟ್ಟರು. ಅವನಿಗೇ ಗಲಿಬಿಲಿಯಾಯಿತು. ಜಗಳಕ್ಕೆ ಸಿದ್ಧವಾಗಿ ಬಂದಿದ್ದ.

"ಬೇಡ ಅನ್ನಲ್ವಾ?"

"ಅಂದರೆ ಬಿಡ್ತೀಯಾ?"

"ಇಲ್ಲ."

"ಮತ್ತೆ ಸುಮ್ಮನೆ ಗಂಟಲು ಯಾಕೆ ಒಣಗಿಸಿಕೊಳ್ಳಲಿ? ತಗೋ."

ಅವತ್ತಿನಿಂದ ಗುಡಿಸಲಲ್ಲಿ ಒಲೆ ಆರಲಿಲ್ಲ. ಅಲ್ಲಿ ಇದ್ದದ್ದು ಒಂದೇ ಮಣ್ಣಿನ ಮಡಕೆ, ಕಷಾಯಕ್ಕೆ ಅಂತಲೇ ಇಟ್ಟದ್ದು. ಬೇರನ್ನು ಎಲೆಯಷ್ಟು ತೆಳ್ಳಗೆ ಹೆಚ್ಚಿ, ಸಣ್ಣ ಉರಿಯಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಅಕ್ಕನ ಕತ್ತಿನ ಹಿಂದೆ ಕೈಕೊಟ್ಟು ಎಬ್ಬಿಸಿ ಕುಡಿಸುತ್ತಿದ್ದ. ಜಿನ್ಸೆಂಗ್ ಒಂದೇ ಸಾಲದು ಅನ್ನಿಸಿ ಇನ್ನೊಂದು ತೊಗಟೆ ಸೇರಿಸಿದ. ಅದರ ಉಷ್ಣ ತಗ್ಗಿಸಲು ಮತ್ತೊಂದು ಬೇರು. ಅದು ಹೊಟ್ಟೆಗೆ ಭಾರ ಅಂತ ಅದರ ಮೇಲೊಂದು ಬೀಜ. ಕಷಾಯ ಕಪ್ಪಾಗುತ್ತಾ ಹೋಯಿತು. ಅದರ ಕಹಿ ವಾಸನೆ ದೋಣಿಯವರಿಗೂ ಬಡಿಯುತ್ತಿತ್ತು.

ಚುನ್‌ಯಾ ಕುಡಿಯುತ್ತಿದ್ದಳು. ಬಟ್ಟಲು ಮಗುಚಿ ತೋರಿಸುತ್ತಿದ್ದಳು.

"ನೋಡೋ, ಒಂದು ತೊಟ್ಟೂ ಬಿಟ್ಟಿಲ್ಲ."

"ಹೇಗಿದೆ ಅಕ್ಕಾ?"

"ನಿನ್ನೆಗಿಂತ ವಾಸಿ."

ಪ್ರತಿ ದಿನವೂ ನಿನ್ನೆಗಿಂತ ವಾಸಿ. ಹಾಗಾದರೆ ಇಷ್ಟು ಹೊತ್ತಿಗೆ ಎದ್ದು ಓಡಾಡಬೇಕಿತ್ತಲ್ಲ? ಅದನ್ನು ಆ ಜಾಣ ಲೆಕ್ಕ ಹಾಕಲಿಲ್ಲ.

ಗುರುಗಳು ಅಂಗಳದಲ್ಲಿ ತೊಗಟೆ ಒಣಹಾಕುತ್ತಿದ್ದವರು ಕೇಳಿದರು.

"ಅಕ್ಕ ಹೇಗಿದ್ದಾಳೆ?"

"ಪೂರ್ತಿ ಕುಡಿದಳು. ಮುಖ ಕೂಡ ಕಿವುಚಲಿಲ್ಲ."

"ನಾನು ಕೇಳಿದ್ದು ಅಕ್ಕ ಹೇಗಿದ್ದಾಳೆ ಅಂತ."

ಅವನಿಗೆ ಸಿಟ್ಟು ಬಂತು.

"ನಿಮಗೇನು ಗುರುಗಳೇ, ಮುಚ್ಚಳ ಹಾಕಿ ಎದ್ದುಬಂದಿರಿ. ನಿಮ್ಮ ಕೈಯಲ್ಲಿ ಎಷ್ಟು ಜನ ಸತ್ತಿದ್ದಾರೆ ಅಂತ ನೆನಪಾದರೂ ಇದೆಯಾ?"

"ಇದೆ."

"ಎಷ್ಟು?"

"ಎಲ್ಲರೂ. ಕೆಲವರು ಬೇಗ, ಕೆಲವರು ನಿಧಾನವಾಗಿ."

ವೆನ್‌ಬೋ ಮುಖ ತಿರುಗಿಸಿ ಒಲೆ ಹತ್ತಿರ ಹೋದ.

ಅಕ್ಕ ಸಾರಿನ ಆಸೆ ಬಿಟ್ಟಿರಲಿಲ್ಲ. ಒಂದು ದಿನ ತಮಾಷೆಗೆ ಅನ್ನುವ ಹಾಗೆ ಕೇಳಿದಳು.

"ವೈದ್ಯ ಮಹಾಶಯರೇ, ಒಂದು ಚಮಚ ಮೂಲಂಗಿ ಸಾರಿಗೆ ಅಪ್ಪಣೆ ಆಗಬಹುದಾ?"

"ಗುಣ ಆಗು. ಆಮೇಲೆ ಒಂದು ಹೊಲದ ಮೂಲಂಗಿ ಬೇಯಿಸಿಕೊಡ್ತೀನಿ."

"ಆಮೇಲೆ?"

"ಆಮೇಲೆ."

ಇನ್ನೊಂದು ದಿನ, "ಬರೀ ವಾಸನೆ ತಗೋತೀನಿ ಕಣೋ, ಕುಡಿಯಲ್ಲ" ಅಂದಳು. ಅವನು ಬಟ್ಟೆ ಹಿಂಡುತ್ತಾ ಕೂತಿದ್ದ, ಕೇಳಿಸಲಿಲ್ಲ ಅನ್ನುವ ಹಾಗೆ. ಆಮೇಲೆ ಅವಳು ಕೇಳುವುದು ನಿಲ್ಲಿಸಿದಳು. ರೋಗಿಗೆ ಬಾಯಿ ಚಪಲ ಕಡಿಮೆಯಾಗಿದೆ, ಒಳ್ಳೇ ಲಕ್ಷಣ ಅಂತ ಅವನು ಗುರುಗಳಿಗೆ ಹೇಳಿದ. ಅಯ್ಯೋ, ಇಂಥ ವಿದ್ಯೆ ಸುಡಲಿ.

ಮಾರನೇ ದಿನ ಗುರುಗಳು ಹಿತ್ತಲಿನಿಂದ ಒಂದು ಮೂಲಂಗಿ ಕಿತ್ತು ತಂದರು. ಬಿಳೀ ಗೆಡ್ಡೆ, ಮಣ್ಣು ಹಾಗೇ ಮೆತ್ತಿಕೊಂಡಿತ್ತು. ಗುಡಿಸಲ ಹೊಸ್ತಿಲಲ್ಲಿ ಕೂತು ಚಾಕು ತೆಗೆದರು.

ವೆನ್‌ಬೋ ಒಲೆ ಬಿಟ್ಟು ಎದ್ದು ಬಂದ.

"ಏನಿದು?"

"ಮೂಲಂಗಿ."

"ನೀವೇ ಕಲಿಸಿದ ಪಥ್ಯ ಗುರುಗಳೇ! ಇದೊಂದು ತುಂಡು ಒಳಗೆ ಹೋದರೆ ಇಷ್ಟು ದಿನ ಕುದಿಸಿದ್ದೆಲ್ಲ ನೀರುಪಾಲು. ಅವಳನ್ನು ಕೊಲ್ಲೋಕೆ ಬಂದಿದ್ದೀರಾ?"

ಗೆಡ್ಡೆಯನ್ನು ಕಿತ್ತುಕೊಂಡು ನದಿಗೆ ಎಸೆದ. ಗುರುವಿನ ಕೈಯಿಂದ ಕಿತ್ತುಕೊಳ್ಳುವುದು ಅಂದರೆ ಆ ದೇಶದಲ್ಲೂ ಸಣ್ಣ ಮಾತಲ್ಲ.

ಗುರುಗಳು ಚಾಕು ಒರೆಸಿಕೊಂಡರು.

"ಹಿಮ ಬಿದ್ದ ಮೇಲೆ ಸಿಹಿ ಬಂದಿತ್ತು. ನಮ್ಮ ಹಿತ್ತಲಲ್ಲಿ ಈ ವರ್ಷದ್ದು ಅದೇ ಕೊನೇದು."

ಅವನು ದಡಬಡ ಹೆಜ್ಜೆ ಹಾಕುತ್ತಾ ಸೌದೆಗೆ ಹೋದ ಮೇಲೆ ಗುರುಗಳು ಒಳಗೆ ಹೋದರು. ಚುನ್‌ಯಾಗೆ ಎಲ್ಲ ಕೇಳಿಸಿತ್ತು.

"ಅವನ ಮೇಲೆ ಬೇಜಾರು ಮಾಡ್ಕೋಬೇಡಿ ಗುರುಗಳೇ."

"ಇಲ್ಲ ತಾಯಿ. ಊರಲ್ಲಿ ಯಾರ ಹತ್ತಿರವಾದರೂ ಸಿಗುತ್ತೆ. ಅವನಿಲ್ಲದ ಹೊತ್ತು ನೋಡಿ ನಾನೇ ಸಾರು ಮಾಡಿ ತರ್ತೀನಿ."

"ಬೇಡ."

"ಯಾಕಮ್ಮ?"

"ಅವನ ಮೂಗು ನಿಮಗೆ ಗೊತ್ತಲ್ಲ, ಬಾಗಿಲಲ್ಲೇ ಕಂಡುಹಿಡೀತಾನೆ. ಆಮೇಲೆ ನನಗೆ ಏನಾದರೂ ಆದರೆ ಮೂಲಂಗಿಯಿಂದಲೇ ಆಯ್ತು ಅಂದ್ಕೋತಾನೆ. ಬದುಕಿರೋವರೆಗೂ ಅಂದ್ಕೋತಾನೆ. ಅವನಾಗೇ ಕೊಟ್ಟರೆ ಕುಡೀತೀನಿ."

ಗುರುಗಳು ಅವಳ ಹೊದಿಕೆ ಸರಿಮಾಡಿ ಎದ್ದು ಬಂದರು.

ಹೀಗೇ ಚಳಿಗಾಲ ಮುಗಿಯುತ್ತಾ ಬಂತು. ಜಿನ್ಸೆಂಗ್ ಬೇರಿನ ಕೊನೆಯ ಚೂರುಗಳು ಉಳಿದಿದ್ದವು. ಒಂದು ಬೆಳಿಗ್ಗೆ ಕಷಾಯ ಕುಡಿಸಿ, ಬಟ್ಟಲು ತೊಳೆಯಲು ನದಿಗೆ ಹೊರಟ ವೆನ್‌ಬೋ ಸೋಸುವ ಬಟ್ಟೆ ಮರೆತೆ ಅಂತ ಅರ್ಧ ದಾರಿಯಿಂದ ವಾಪಸ್ಸು ಬಂದ.

ಬಾಗಿಲು ಓರೆಯಾಗಿತ್ತು.

ಅಕ್ಕ ಒಂದು ಮಗ್ಗುಲಿಗೆ ಹೊರಳಿ, ಎರಡೂ ಕೈಯಿಂದ ಬಾಯಿ ಅದುಮಿ ಹಿಡಿದಿದ್ದಳು. ಮೈ ಎತ್ತೆತ್ತಿ ಬೀಳುತ್ತಿತ್ತು. ಕುಡಿದದ್ದು ಮೇಲೆ ಬರುತ್ತಿತ್ತು, ಅವಳು ನುಂಗುತ್ತಿದ್ದಳು. ಮತ್ತೆ ಬರುತ್ತಿತ್ತು, ಮತ್ತೆ ನುಂಗುತ್ತಿದ್ದಳು. ಕಣ್ಣಿಂದ ಧಾರಾಕಾರ ನೀರು. ಬೆರಳ ಸಂದಿಯಲ್ಲಿ ಕಪ್ಪು ಕಷಾಯ ಜಿನುಗಿದಾಗ ಅದನ್ನೂ ನೆಕ್ಕಿಕೊಂಡಳು. ಆಮೇಲೆ ಹೊದಿಕೆಯ ಅಂಚಿನಿಂದ ಮುಖ ಒರೆಸಿಕೊಂಡು, ಅಂಗಾತ ಮಲಗಿ, ತಮ್ಮ ಬಂದಾಗ ನಗುವುದಕ್ಕೆ ಮುಖ ಸಿದ್ಧಮಾಡಿಕೊಂಡಳು.

ವೆನ್‌ಬೋ ಬಾಗಿಲ ಹಿಂದೆ ಕುಸಿದು ಕೂತ. ಅವಳು ದಿನಾ ಹೀಗೇ ಮಾಡುತ್ತಿದ್ದಳು ಅಂತ ಅವನಿಗೆ ಯಾರೂ ಹೇಳಬೇಕಾಗಲಿಲ್ಲ.

ಎದ್ದವನೇ ಓಡಿದ. ಗುರುಗಳ ಹಿತ್ತಲಿಗೆ ಹೋದ, ಪಾತಿ ಖಾಲಿ. ಹೊಲಗಳಿಗೆ ಹೋದ, ಉತ್ತು ಬಿಟ್ಟಿದ್ದರು. ಮನೆಮನೆ ಬಾಗಿಲು ಬಡಿದ.

"ಮೂಲಂಗಿ ಇದೆಯಾ? ಒಂದೇ ಒಂದು?"

"ಈಗ ಎಲ್ಲಿಯ ಮೂಲಂಗಿ ವೈದ್ಯರೇ, ಉಪ್ಪಿಗೆ ಹಾಕಿದ್ದೂ ಮುಗಿದುಹೋಯ್ತು."

ಕೊನೆಗೆ ಹಂದಿ ಸಾಕುವ ಒಬ್ಬ ಮುದುಕಿ ಗೂಡಿನ ಮೂಲೆಯಿಂದ ಒಂದು ಹುಡುಕಿ ಕೊಟ್ಟಳು. ಬೆಂಡಾದ ಮೂಲಂಗಿ, ಒಳಗೆಲ್ಲ ನಾರು. "ಇದನ್ನು ಮನುಷ್ಯರು ತಿಂತಾರೇನಪ್ಪಾ?" ಅಂದಳು. ಅವನು ಅದನ್ನು ಎದೆಗೆ ಅವಚಿಕೊಂಡು ಬಂದ.

ಹೆಚ್ಚಿದ. ನೀರು ಹಾಕಿದ. ಉಪ್ಪು, ಒಂದು ಚೂರು ಶುಂಠಿ. ಇದ್ದ ಒಂದೇ ಮಡಕೆಯಲ್ಲಿ ಕುದಿಸಿದ. ಸಾರು ಕುದಿಯುವವರೆಗೂ ಒಲೆ ಊದುತ್ತಲೇ ಇದ್ದ.

"ಅಕ್ಕಾ."

ಅವಳು ಕಣ್ಣು ತೆರೆದಳು. ಬಟ್ಟಲು ನೋಡಿ, ಎಂದಿನ ಹಾಗೆ, ಕುಡಿಯುವುದಕ್ಕೆ ತಲೆ ಎತ್ತಲು ಹೋದಳು.

"ಕಷಾಯ ಅಲ್ಲ. ಮೂಲಂಗಿ ಸಾರು."

ಚುನ್‌ಯಾ ಅವನ ಮುಖವನ್ನೇ ನೋಡಿದಳು. ತಮ್ಮ ಒಪ್ಪಿಕೊಂಡ ಅಂತ ಅವಳಿಗೆ ಗೊತ್ತಾಯಿತು. ಅವನ ಕೆನ್ನೆ ಮುಟ್ಟಬೇಕು ಅಂತ ಕೈ ಎತ್ತಿದಳು, ಅದು ಅರ್ಧಕ್ಕೇ ಬಿತ್ತು.

"ಪಥ್ಯ ಮುಗೀತಾ ಪುಟ್ಟಾ?"

"ಮುಗೀತು ಅಕ್ಕಾ."

ಒಂದು ಚಮಚ ಬಾಯಿಗಿಟ್ಟ. ಅವಳು ಅದನ್ನು ಬಾಯಲ್ಲೇ ಇಟ್ಟುಕೊಂಡಳು. ಗಂಟಲಿಗೆ ಇಳಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಅರ್ಧ ಕಟಬಾಯಿಯಿಂದ ಹೊರಗೆ ಬಂತು. ಅವನು ಒರೆಸಿದ.

"ಚೆನ್ನಾಗಿದೆ ಕಣೋ" ಅಂದಳು.

ಎರಡನೇ ಚಮಚಕ್ಕೆ ತುಟಿ ತೆರೆಯಲಿಲ್ಲ. ಅವನು ಹಿಡಿದುಕೊಂಡೇ ಕೂತ. ಚಮಚದಲ್ಲಿದ್ದದ್ದು ತಣ್ಣಗಾಯಿತು. ಮಧ್ಯಾಹ್ನದ ಹೊತ್ತಿಗೆ ಗುರುಗಳು ಬಂದು, ಅವಳ ಮೂಗಿನ ಹತ್ತಿರ ಬೆರಳಿಟ್ಟು ನೋಡಿ, ಅವನ ಕೈಯಿಂದ ಚಮಚ ತೆಗೆದಿಟ್ಟರು.

ನದಿಯಾಚೆಯ ದಿಬ್ಬದಲ್ಲಿ ಅವಳನ್ನು ಮಣ್ಣು ಮಾಡಿ ಬಂದರು. ವೆನ್‌ಬೋ ಅಳಲಿಲ್ಲ. ಗುಡಿಸಲಿಗೆ ಬಂದು ಒಲೆಯ ಮುಂದೆ ಕೂತ. ಮಡಕೆಯಲ್ಲಿ ಸಾರು ಹಾಗೇ ಇತ್ತು. ಹೊಟ್ಟೆ ಹಸಿದಿತ್ತೋ, ಅಕ್ಕನ ಎಂಜಲು ಅಂತಲೋ, ಬಟ್ಟಲಿಗೆ ಸುರಿದುಕೊಂಡು ಒಂದು ಗುಟುಕು ಕುಡಿದ.

ಕಹಿ. ಬಾಯಿ ಕಿತ್ತುಹೋಗುವಂಥ ಕಹಿ. ಚಳಿಗಾಲವಿಡೀ ಕಷಾಯ ಕುಡಿದ ಮಣ್ಣಿನ ಮಡಕೆ ಮೂಲಂಗಿ ಸಾರನ್ನೂ ಕಷಾಯ ಮಾಡಿಬಿಟ್ಟಿತ್ತು. ಊರಿಗೆಲ್ಲ ಗೊತ್ತಿದ್ದ ಆ ಮೂಗಿಗೆ ಅದೊಂದು ದಿನ ಏನೂ ಗೊತ್ತಾಗಿರಲಿಲ್ಲ.

ಅವನು ಬಟ್ಟಲು ಕೆಳಗಿಟ್ಟ. ಆಗ ಅಳು ಬಂತು. ಹೆಂಗಸರು ಅಳುವ ಹಾಗೆ, ಮಕ್ಕಳು ಅಳುವ ಹಾಗೆ, ನೆಲಕ್ಕೆ ಹಣೆ ಕುಟ್ಟಿ ಕುಟ್ಟಿ ಅತ್ತ. ಗುರುಗಳು ಪಕ್ಕದಲ್ಲಿ ಕೂತಿದ್ದರು.

"ಚೆನ್ನಾಗಿದೆ ಅಂದಳು ಗುರುಗಳೇ."

"ಹೂಂ."

"ಇದನ್ನು ಚೆನ್ನಾಗಿದೆ ಅಂದಳು!"

ಗುರುಗಳು ಬಟ್ಟಲು ತೆಗೆದುಕೊಂಡು ತಾವೂ ಒಂದು ಗುಟುಕು ಕುಡಿದರು. ಅವರ ಮುಖ ಕಿವುಚಿತು.

ಎಷ್ಟೋ ಹೊತ್ತಾದ ಮೇಲೆ ವೆನ್‌ಬೋ ತಲೆ ಎತ್ತಿದ. ಕಲಿತ ವಿದ್ಯೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

"ಎಲ್ಲಿ ತಪ್ಪಿದೆ? ಹೇಳಿ. ನಿಮ್ಮ ಬೇರು ಕೆಟ್ಟಿತ್ತಾ?"

"ಒಳ್ಳೇ ಬೇರು. ಅಂಥದ್ದು ಇನ್ನು ಸಿಗಲ್ಲ."

"ಕುದಿಸಿದ್ದು ಹೆಚ್ಚಾಯ್ತಾ?"

"ಹದ ಸರಿಯಾಗಿತ್ತು."

"ಅವಳು ಒಂದು ತೊಟ್ಟೂ ಬಿಡದೆ ಕುಡಿದಳು. ಪಥ್ಯ ಮುರೀಲಿಲ್ಲ. ಅಷ್ಟೆಲ್ಲ ಕುಡಿದರೂ ಯಾಕೆ ನಾಟಲಿಲ್ಲ ಗುರುಗಳೇ?"

ಪಾಂಗ್ ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ಕಾಯಿಲೆ ನಿನ್ನದು ಮಗು. ಕುಡಿದವಳು ಅವಳು."